ದೊಡ್ಡವರ ಕೆಲಸ, ಮಕ್ಕಳ ಕೈಯಲ್ಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಕ್ಕಳು ಪೈಲಟ್, ವೈದ್ಯ, ಅಗ್ನಿಶಾಮಕ ಸಿಬ್ಬಂದಿ, ವರದಿಗಾರ, ಅಂಗಡಿಯವ ಹೀಗೆ ನಾನಾ ವೃತ್ತಿಗಳ ವೇಷ ತೊಟ್ಟು ಒಂದೊಂದು ಕೆಲಸವನ್ನೂ ಮಾಡಿನೋಡುವ ಒಳಾಂಗಣ ಥೀಮ್ ಪಾರ್ಕುಗಳ ಕುರಿತು ಬಂದ ಪತ್ರಗಳನ್ನೆಲ್ಲ ಈ ಬಾರಿಯ ಅಂಕಣದಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಹೋಗುವ ಮುನ್ನ ವಿಚಾರಿಸಿದವರೂ ಇದ್ದಾರೆ, ಹೋಗಿಬಂದ ಮೇಲೆ ಗೊಂದಲಕ್ಕೆ ಬಿದ್ದವರೂ ಇದ್ದಾರೆ. ಪತ್ರಗಳು ದೀರ್ಘವಾಗಿದ್ದುದರಿಂದ ಸಾರಾಂಶವನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ಏಳು ವರ್ಷದ ಮಗನನ್ನು ಇಂಥ ಪಾರ್ಕಿಗೆ ಕರೆದೊಯ್ಯಬೇಕೆಂದು ನನಗೆ ಆಸೆ. ಮನೆಯಲ್ಲಿ ಪುಕ್ಕಟೆಯಾಗಿ ಆಡುವ ಡಾಕ್ಟರಾಟವನ್ನೇ ಅಲ್ಲಿ ದುಡ್ಡು ಕೊಟ್ಟು ಆಡಿಸುತ್ತಾರೆ, ಅಷ್ಟೇ ತಾನೆ ಎನ್ನುತ್ತಾರೆ ನನ್ನ ಪತಿ. ಮೇಡಂ, ಅಲ್ಲಿ ನಿಜವಾಗಿ ನಡೆಯುವುದೇನು? (ಒಬ್ಬ ತಾಯಿ)

ಉತ್ತರ: ನಿಮ್ಮ ಪತಿಯ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕಲ್ಪನಾಶಕ್ತಿಯೊಂದೇ ಗುರಿಯಾಗಿದ್ದರೆ ಮನೆಯ ಡಾಕ್ಟರಾಟವೇ ಮೇಲು, ಏಕೆಂದರೆ ಅಲ್ಲಿ ಒಂದು ಚಮಚವೇ ಥರ್ಮಾಮೀಟರ್ ಆಗಬಲ್ಲದು, ಸೂಜಿಯೂ ಆಗಬಲ್ಲದು. ಪಾರ್ಕಿನಲ್ಲಿ ಸಿಗುವುದು ಬೇರೆ ಬಗೆಯದು. ಮನೆಯ ಆಟದಲ್ಲಿ ನಿಯಮ ಮಾಡುವವನೂ ಮುರಿಯುವವನೂ ನಿಮ್ಮ ಮಗನೇ, ಬೇಸರವಾದರೆ ರೋಗಿಯನ್ನು ಹಾಸಿಗೆಯಲ್ಲೇ ಬಿಟ್ಟು ಎದ್ದು ಹೋಗಲು ಅವನಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಪಾರ್ಕಿನಲ್ಲಾದರೋ ಅವನು ಬೇರೆಯವರು ಕಟ್ಟಿಟ್ಟ ಊರಿನೊಳಕ್ಕೆ, ಬೇರೆಯವರ ನಿಯಮದೊಳಕ್ಕೆ, ಹೆಸರೂ ಗೊತ್ತಿಲ್ಲದ ಮಕ್ಕಳ ತಂಡದೊಳಕ್ಕೆ ಒಬ್ಬನೇ ಕಾಲಿಡುತ್ತಾನೆ.

ಈ ಬಗೆಯ ಪಾರ್ಕುಗಳಲ್ಲಿ ಅತ್ಯಂತ ಪ್ರಸಿದ್ಧವಾದ ಕಿಡ್‌ಜಾನಿಯಾವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮಾಲ್ ಒಂದರ ಒಳಗೆ ಬೀದಿ, ಚೌಕ, ಆಸ್ಪತ್ರೆ, ಬ್ಯಾಂಕು, ಅಗ್ನಿಶಾಮಕ ಠಾಣೆ, ರೇಡಿಯೊ ಕೇಂದ್ರ, ರಂಗಮಂದಿರ ಇರುವ ಪುಟ್ಟ ನಗರವೊಂದನ್ನು ನಿಜ ಅಳತೆಯ ಸುಮಾರು ಮೂರನೆಯ ಎರಡು ಭಾಗದಷ್ಟು ಗಾತ್ರದಲ್ಲಿ ಕಟ್ಟಿರುತ್ತಾರೆ. ಪ್ರವೇಶದ್ವಾರವು ವಿಮಾನ ನಿಲ್ದಾಣದ ಕೌಂಟರಿನಂತಿದ್ದು, ಟಿಕೆಟಿನ ಜಾಗದಲ್ಲಿ ಬೋರ್ಡಿಂಗ್ ಪಾಸ್ ಸಿಗುತ್ತದೆ. ಮಗುವಿಗೂ ಜೊತೆಗೆ ಬಂದ ದೊಡ್ಡವರಿಗೂ ಪರಸ್ಪರ ಜೋಡಿಸಿದ ಎಲೆಕ್ಟ್ರಾನಿಕ್ ಕೈಪಟ್ಟಿಗಳನ್ನು ಕಟ್ಟುತ್ತಾರೆ, ತನ್ನವರಿಲ್ಲದೆ ಮಗು ಹೊರಬೀಳದಿರಲಿ ಎಂಬುದು ಇದರ ಉದ್ದೇಶ. ಒಳಗೆ ಹೋದ ಮಗುವಿನ ಕೈಗೆ ಆ ಊರಿನದೇ ಹಣವಾದ ಕಿಡ್‌ಜೋಗಳ ಚೆಕ್ ಬರುತ್ತದೆ, ಸಾಮಾನ್ಯವಾಗಿ 50 ಕಿಡ್‌ಜೋಗಳದ್ದು. ಅದನ್ನು ಬ್ಯಾಂಕಿನಲ್ಲಿ ನಗದು ಮಾಡಿಸಿಕೊಳ್ಳಬೇಕಾದವರು ಮಕ್ಕಳೇ.

ಮುಂದೆ ಕೆಲಸ ಹುಡುಕುವ ಸರದಿ. ಬೇಕಾದ ಕಟ್ಟಡದ ಮುಂದಿನ ಬೆಂಚಿನಲ್ಲಿ ಕುಳಿತು ಕಾಯಬೇಕು, ಜಾಗ ಖಾಲಿಯಾದಾಗ ಒಳಗೆ ಹೋಗಿ ಸಮವಸ್ತ್ರ ತೊಡಬೇಕು, ಮೇಲ್ವಿಚಾರಕರು ಹೇಳಿಕೊಟ್ಟದ್ದನ್ನು ಕೇಳಿ ತಂಡದೊಡನೆ ಕೆಲಸ ಮುಗಿಸಬೇಕು. ಬೆಂಕಿಯಂತೆ ಬೆಳಕು ಚಿಮ್ಮುವ ಕಟ್ಟಡಕ್ಕೆ ಪುಟ್ಟ ಅಗ್ನಿಶಾಮಕ ವಾಹನದಲ್ಲಿ ಹೋಗಿ ನಿಜವಾದ ನೀರನ್ನೇ ಹಾಯಿಸುತ್ತಾರೆ. ಆಸ್ಪತ್ರೆಯಲ್ಲಿ ಗೊಂಬೆ ರೋಗಿಗೆ ಶಸ್ತ್ರಚಿಕಿತ್ಸೆ ನಡೆಯುತ್ತದೆ, ಪಕ್ಕದ ಕೋಣೆಯಲ್ಲಿ ನವಜಾತ ಶಿಶುವಿನಷ್ಟೇ ದೊಡ್ಡ ಗೊಂಬೆಯನ್ನು ಆರೈಕೆ ಮಾಡುವ ಕೆಲಸವಿರುತ್ತದೆ. ಒಂದೊಂದು ಚಟುವಟಿಕೆಯೂ ಹೆಚ್ಚುಕಡಿಮೆ ಕಾಲು ಗಂಟೆಯಿಂದ ಅರ್ಧ ಗಂಟೆ. ಮುಗಿದ ಮೇಲೆ ಸಂಬಳ. ಕಾರು ಓಡಿಸುವುದು, ತಿಂಡಿ ತಯಾರಿಸಿ ತಿನ್ನುವುದು ಮುಂತಾದ ಕೆಲವಕ್ಕೆ ಮಗುವೇ ಆ ಸಂಬಳದಿಂದ ಹಣ ತೆರಬೇಕು. ಇಡೀ ವ್ಯವಸ್ಥೆಯ ಜೀವಾಳವಾದ ನಿಯಮವೊಂದಿದೆ: ಕೆಲಸ ನಡೆಯುವ ಕೋಣೆಯೊಳಕ್ಕೆ ತಂದೆತಾಯಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ, ಗಾಜಿನ ಆಚೆ ನಿಂತು ನೋಡಬಹುದಷ್ಟೇ.

ಮೊದಲ ಪಾರ್ಕನ್ನು ಉದ್ಯಮಿ ಹಾವಿಯೆರ್ ಲೋಪೆಸ್ ಅಂಕೋನಾ 1999ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೊ ನಗರದ ಸಾಂತಾ ಫೆ ಪ್ರದೇಶದ ಮಾಲ್ ಒಂದರಲ್ಲಿ ತೆರೆದರು. 2006ರಲ್ಲಿ ಅದು ಟೋಕಿಯೊ ಮುಟ್ಟಿತು, 2010ರಲ್ಲಿ ದುಬೈ, 2013ರಲ್ಲಿ ಮುಂಬೈ ಸೇರಿಕೊಂಡವು. ಮಕ್ಕಳಿಗೊಂದು ಪುಟ್ಟ ಊರು ಎಂಬ ಕಲ್ಪನೆ ಇದಕ್ಕಿಂತ ಹಳೆಯದು; ಅರ್ಜೆಂಟೀನಾದ ಲಾ ಪ್ಲಾತಾ ಬಳಿ 1951ರಲ್ಲೇ ಮಕ್ಕಳ ಗಣರಾಜ್ಯವೆಂಬ ಹೆಸರಿನಲ್ಲಿ ಸಂಸತ್ತು, ನ್ಯಾಯಾಲಯ, ಬ್ಯಾಂಕುಗಳ ಕಿರು ಕಟ್ಟಡಗಳಿದ್ದ ಬಯಲು ಪಾರ್ಕು ಉದ್ಘಾಟನೆಯಾಗಿತ್ತು.

ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ 1930ರ ದಶಕದಲ್ಲಿ ಆಟದ ಬಗ್ಗೆ ಮಾತನಾಡುತ್ತ, ಆಟದಲ್ಲಿ ಮಗು ತನಗಿಂತ ತಾನೇ ಒಂದು ತಲೆಯಷ್ಟು ಎತ್ತರವಾಗಿ ನಿಲ್ಲುತ್ತದೆ ಎಂಬ ಅರ್ಥದ ಮಾತನ್ನು ಹೇಳಿದ್ದರು. ಪಾತ್ರವೊಂದನ್ನು ವಹಿಸಿಕೊಂಡೊಡನೆ ಆ ಪಾತ್ರದ ನಿಯಮಗಳನ್ನೂ ಮಗು ಒಪ್ಪಿಕೊಳ್ಳುತ್ತದೆ ಎಂಬುದು ಅವರ ವಿವರಣೆ. ಮನೆಯಲ್ಲಿ ಐದು ನಿಮಿಷವೂ ಒಂದೆಡೆ ಕೂರದ ಹುಡುಗ ಅಲ್ಲಿ ಪೈಲಟ್‌ನ ಟೋಪಿ ಬಂದೊಡನೆ ಸೂಚನೆಗಳನ್ನೆಲ್ಲ ಕಿವಿಗೊಟ್ಟು ಕೇಳುವುದು ಈ ಕಾರಣಕ್ಕೇ. ಅದನ್ನು ನೋಡಲಿಕ್ಕಾದರೂ ನಿಮ್ಮ ಪತಿಯನ್ನು ಜೊತೆಗೆ ಕರೆದೊಯ್ಯಿರಿ.

ಪ್ರಶ್ನೆ: ನಮಗೆ ಸಿಗುವುದು ಒಂದೇ ದಿನ. ಎಲ್ಲ ಕೆಲಸಗಳನ್ನೂ ಮಾಡಿಸಿಬಿಡಬೇಕೆಂದು ಹನ್ನೆರಡು ವೃತ್ತಿಗಳ ವೇಳಾಪಟ್ಟಿ ತಯಾರಿಸಿಟ್ಟಿದ್ದೇನೆ. ಯಾವ ಕ್ರಮದಲ್ಲಿ ಹೋದರೆ ಒಳ್ಳೆಯದು? (ಒಬ್ಬ ತಂದೆ)

ಉತ್ತರ: ಪಟ್ಟಿಯಲ್ಲಿ ಎಂಟನ್ನು ಹೊಡೆದುಹಾಕಿ ಎಂದರೆ ನೀವು ಸಿಟ್ಟಾಗಬಹುದು, ಆದರೂ ಲೆಕ್ಕವನ್ನೊಮ್ಮೆ ನೋಡಿ. ಹಲವು ಪಾರ್ಕುಗಳಲ್ಲಿ ಒಂದು ಟಿಕೆಟಿಗೆ ನಿಗದಿಯಾದ ಅವಧಿ ಕೆಲವೇ ಗಂಟೆ. ಟೋಕಿಯೊದಲ್ಲಂತೂ ದಿನವನ್ನೇ ಎರಡು ಪಾಳಿಗಳಾಗಿ ಹಂಚಿದ್ದಾರೆ. ಒಂದು ಕೆಲಸಕ್ಕೆ ಅರ್ಧ ಗಂಟೆ, ಅದರ ಮುಂದಿನ ಸರದಿಗೆ ಅಷ್ಟೇ ಅಥವಾ ಅದಕ್ಕೂ ಹೆಚ್ಚು ಹೊತ್ತು, ನಡುವೆ ಊಟ, ಬ್ಯಾಂಕು, ಓಡಾಟ. ರಜೆಯ ದಿನದಲ್ಲಿ ಐದಾರು ಕೆಲಸಗಳಾದರೆ ಅದೇ ದೊಡ್ಡದು.

ವಿಮಾನ ಚಾಲನೆ, ಅಗ್ನಿಶಾಮಕ ದಳ, ತಿಂಡಿ ತಯಾರಿಕೆಯಂಥ ಜನಪ್ರಿಯ ಕೆಲಸಗಳ ಮುಂದೆ ಬೇಗನೆ ಸಾಲು ಬೆಳೆಯುತ್ತದೆ. ಮಗುವಿಗೆ ಅವುಗಳಲ್ಲಿ ಒಂದು ಬೇಕೇ ಬೇಕೆಂದಿದ್ದರೆ ಬಾಗಿಲು ತೆರೆಯುವ ಹೊತ್ತಿಗೇ ತಲುಪಿ ನೇರವಾಗಿ ಅಲ್ಲಿಗೆ ಹೋಗಿ. ಎಲ್ಲರೂ ಮೊದಲು ಮುಗಿಬೀಳುವ ಬ್ಯಾಂಕಿನ ಸಾಲು ಆಮೇಲೆ ತಾನಾಗಿಯೇ ಕರಗುತ್ತದೆ, ಮೊದಲ ಸಂಬಳ ದುಡಿದ ಮೇಲೆ ಚೆಕ್ ನಗದು ಮಾಡಿಸಿಕೊಂಡರೂ ನಷ್ಟವಿಲ್ಲ. ವಯಸ್ಸು ಮತ್ತು ಎತ್ತರದ ಮಿತಿ ಇರುವ ಚಟುವಟಿಕೆಗಳನ್ನು ಮನೆಯಿಂದ ಹೊರಡುವ ಮೊದಲೇ ನೋಡಿಕೊಳ್ಳಿ. ಅರ್ಧ ಗಂಟೆ ಕಾದು, ಬಾಗಿಲಲ್ಲಿ ಎತ್ತರ ಸಾಲದೆಂದು ಹಿಂದಕ್ಕೆ ಕಳುಹಿಸಿದರೆ ಆ ದಿನದ ಉತ್ಸಾಹವೇ ಇಳಿದುಹೋಗುತ್ತದೆ. ಗೋಡೆ ಹತ್ತುವ ಕೆಲಸಗಳಿರುವುದರಿಂದ ಕಾಲಿಗೆ ಭದ್ರವಾದ ಬೂಟು ಇರಲಿ. ಸಾಧ್ಯವಾದರೆ ವಾರದ ನಡುವಿನ ದಿನವೊಂದನ್ನು ಆರಿಸಿಕೊಳ್ಳಿ.

ಇವೆಲ್ಲವೂ ಸಣ್ಣ ಸಂಗತಿಗಳು. ನನ್ನ ಮುಖ್ಯ ತಕರಾರು ಆ ಪಟ್ಟಿಯನ್ನು ನೀವು ಬರೆದದ್ದಕ್ಕೆ. ಕಿಸೆಯಲ್ಲಿರುವ ಹಣ, ಮುಂದಿರುವ ಸಾಲು, ಉಳಿದಿರುವ ಹೊತ್ತು ಇವುಗಳನ್ನು ತೂಗಿನೋಡಿ ಯಾವ ಕಡೆಗೆ ಹೋಗಬೇಕೆಂದು ಮಗು ತಾನೇ ತೀರ್ಮಾನಿಸುವುದಕ್ಕೆ ಅಲ್ಲಿ ಸಿಗುವಷ್ಟು ಅವಕಾಶ ಅದರ ದಿನನಿತ್ಯದ ಬದುಕಿನಲ್ಲಿ ಸಿಗುವುದಿಲ್ಲ. ಶಾಲೆಯ ವೇಳಾಪಟ್ಟಿ ದೊಡ್ಡವರದು, ಮನೆಯ ವೇಳಾಪಟ್ಟಿಯೂ ದೊಡ್ಡವರದು. ಈ ಒಂದು ದಿನಕ್ಕೂ ನೀವೇ ವೇಳಾಪಟ್ಟಿ ಹಾಕಿಕೊಟ್ಟರೆ ಮಗುವಿಗೆ ಉಳಿಯುವುದು ಅಂಗಿ ಬದಲಿಸುವ ಕೆಲಸ ಮಾತ್ರ. ನಕ್ಷೆಯನ್ನು ಅದರ ಕೈಗೆ ಕೊಡಿ. ತಪ್ಪಾದ ಸಾಲಿನಲ್ಲಿ ಅರ್ಧ ಗಂಟೆ ಕಳೆದರೂ ಕಳೆಯಲಿ.

ಪ್ರಶ್ನೆ: ಬಹಳ ಆಸೆಪಟ್ಟು ಹೋದೆವು. ಆರು ವರ್ಷದ ಮಗಳು ಮೊದಲ ಕೋಣೆಯ ಬಾಗಿಲಲ್ಲೇ ನನ್ನ ಸೆರಗು ಹಿಡಿದು ನಿಂತುಬಿಟ್ಟಳು. ನೀನೂ ಒಳಗೆ ಬಾ ಎಂದು ಅಳು, ಬಿಡುವುದಿಲ್ಲ ಎಂದು ಸಿಬ್ಬಂದಿ. ಉಳಿದ ಮಕ್ಕಳೆಲ್ಲ ಖುಷಿಯಾಗಿ ಓಡಾಡುತ್ತಿದ್ದಾಗ ನಾವು ಅರ್ಧ ದಿನ ಬೀದಿ ಸುತ್ತಿದೆವು. ದುಡ್ಡು ಹೋಯಿತೆಂಬ ಬೇಸರಕ್ಕಿಂತ ಅವಳು ಹೀಗೇಕೆ ಎಂಬ ಚಿಂತೆ ಕಾಡುತ್ತಿದೆ. (ಚಿಂತೆಗೊಂಡ ತಾಯಿ)

ಉತ್ತರ: ಚಿಂತೆ ಬಿಡಿ. ಗದ್ದಲ, ಕಣ್ಣು ಕುಕ್ಕುವ ದೀಪಗಳು, ಗುರುತಿಲ್ಲದ ಮಕ್ಕಳು, ಬೇಗಬೇಗ ಸೂಚನೆ ಕೊಡುವ ಅಪರಿಚಿತರು ಇವೆಲ್ಲ ಒಂದೇ ಕ್ಷಣದಲ್ಲಿ ಎದುರಾದಾಗ ಆರು ವರ್ಷದ ಮಗು ತನ್ನವರನ್ನು ಹಿಡಿದುಕೊಳ್ಳುವುದು ಸಹಜವಾದ ವರ್ತನೆಯೇ ಹೊರತು ಕೊರತೆಯಲ್ಲ. ಮಕ್ಕಳಲ್ಲಿ ಎರಡು ಬಗೆಯವರನ್ನು ನಾನು ಕಂಡಿದ್ದೇನೆ: ಮಾಡುತ್ತ ಮಾಡುತ್ತ ತಿಳಿದುಕೊಳ್ಳುವವರು, ಪೂರ್ತಿ ನೋಡಿಕೊಂಡು ಆಮೇಲೆ ಮಾಡುವವರು. ನಿಮ್ಮ ಮಗಳು ಎರಡನೆಯ ಬಗೆಯವಳಾಗಿದ್ದರೆ ಬೀದಿ ಸುತ್ತಿದ ಆ ಅರ್ಧ ದಿನವನ್ನು ಅವಳು ವ್ಯರ್ಥ ಮಾಡಿಲ್ಲ. ಆ ಕೋಣೆಗಳ ಗೋಡೆ ಗಾಜಿನದಾಗಿರುವುದರ ಪ್ರಯೋಜನ ತಂದೆತಾಯಿಗೆ ಮಾತ್ರವಲ್ಲ, ಒಳಗೆ ಹೋಗಲು ಧೈರ್ಯ ಸಾಲದೆ ಹೊರಗೆ ನಿಂತ ಮಗುವಿಗೂ ಇದೆ. ಮನೆಗೆ ಬಂದ ಮೇಲೆ ಅವಳು ಗೊಂಬೆಗಳನ್ನು ಸಾಲಾಗಿ ಕೂರಿಸಿ ಅಲ್ಲಿ ಕಂಡದ್ದನ್ನೇ ಆಡಿದಳೋ ಎಂದು ನೀವು ಬರೆದಿಲ್ಲ, ಗಮನಿಸಿ ನೋಡಿ.

ಮತ್ತೊಮ್ಮೆ ಹೋಗುವುದಾದರೆ ಕೆಲವನ್ನು ಬದಲಿಸಬಹುದು. ಪರಿಚಯದ ಮಗುವೊಂದನ್ನು ಜೊತೆಗೆ ಕರೆದೊಯ್ಯಿರಿ, ಅರ್ಧ ಭಯ ಅಲ್ಲಿಗೇ ಹೋಗುತ್ತದೆ. ಮೊದಲ ಕೆಲಸವಾಗಿ ದೊಡ್ಡ ತಂಡವೂ ಜೋರು ಸದ್ದೂ ಇರುವ ಅಗ್ನಿಶಾಮಕ ದಳವನ್ನು ಬಿಟ್ಟು, ಕುಳಿತು ಕೈಯಿಂದ ಏನನ್ನಾದರೂ ಮಾಡುವ ಸಣ್ಣ ಕೋಣೆಯನ್ನು ಆರಿಸಿ. ಒಂದು ತಂಡ ಕೆಲಸ ಮುಗಿಸುವುದನ್ನು ಮೊದಲಿನಿಂದ ಕೊನೆಯವರೆಗೂ ಹೊರಗಿನಿಂದ ನೋಡಲು ಬಿಡಿ, ಏಕೆಂದರೆ ಒಳಗೆ ಏನಾಗುತ್ತದೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಮುಗಿದ ಮೇಲೆ ಯಾವ ಬಾಗಿಲಿನಿಂದ ಹೊರಬರುತ್ತಾರೆ ಎಂಬುದು ಗೊತ್ತಾದ ಮೇಲೆ ಮಗುವಿನ ಅಂಜಿಕೆಗೆ ಹೆಚ್ಚು ಕಾರಣ ಉಳಿಯುವುದಿಲ್ಲ. ನೀವು ಗಾಜಿನ ಆಚೆ ಎಲ್ಲಿ ನಿಂತಿರುತ್ತೀರೆಂದು ಮೊದಲೇ ತೋರಿಸಿ, ಅಲ್ಲೇ ನಿಂತಿರಿ. ಕಾಫಿ ಕುಡಿಯಲು ಹೋಗಿಬಿಟ್ಟರೆ ಎರಡನೆಯ ಕೋಣೆಗೆ ಅವಳು ಬರುವುದಿಲ್ಲ.

ಸದ್ದು, ಬೆಳಕುಗಳಿಂದ ಬಹಳ ಬೇಗ ಕಂಗಾಲಾಗುವ ಮಕ್ಕಳ ಮತ್ತು ವಿಶೇಷ ಅಗತ್ಯವಿರುವ ಮಕ್ಕಳ ತಂದೆತಾಯಿ ಪಾರ್ಕಿನವರಿಗೆ ಮುಂಚಿತವಾಗಿಯೇ ಫೋನ್ ಮಾಡಿ ವಿಚಾರಿಸುವುದು ಒಳ್ಳೆಯದು. ಜನ ಕಡಿಮೆ ಇರುವ ಹೊತ್ತು ಯಾವುದು, ಇಂಥ ಮಗುವಿನ ಜೊತೆ ದೊಡ್ಡವರೊಬ್ಬರು ಒಳಗೆ ಇರಬಹುದೇ ಎಂಬುದನ್ನು ಬಾಗಿಲಲ್ಲಿ ನಿಂತು ವಾದಿಸುವುದಕ್ಕಿಂತ ಫೋನಿನಲ್ಲಿ ಇತ್ಯರ್ಥ ಮಾಡಿಕೊಳ್ಳುವುದು ಸುಲಭ.

ಹೊರಗಿನಿಂದ ಗಾಜು ತಟ್ಟುತ್ತ "ಹಾಗಲ್ಲ, ಹೀಗೆ" ಎಂದು ಸನ್ನೆ ಮಾಡುವ, ಫೋಟೊಕ್ಕಾಗಿ ಮಗುವನ್ನು ನಡುನಡುವೆ ಈ ಕಡೆ ತಿರುಗಿಸುವ ತಂದೆತಾಯಿಗೂ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಒಳಗಿರುವ ಮಗು ಆ ಹೊತ್ತಿನಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಿದೆ. ದಯವಿಟ್ಟು ವೈದ್ಯರ ಗಮನ ಸೆಳೆಯಬೇಡಿ.

ಪ್ರಶ್ನೆ: ಮೊಮ್ಮಗ ಅಲ್ಲಿಗೆ ಹೋಗಿ ಬಂದಾಗಿನಿಂದ ಪ್ರತಿಯೊಂದಕ್ಕೂ ಸಂಬಳ ಕೇಳುತ್ತಿದ್ದಾನೆ. ಕನ್ನಡಕ ತಂದುಕೊಡು ಎಂದರೆ "ತಾತ, ಎಷ್ಟು ಕೊಡುತ್ತೀರಿ?" ಎನ್ನುತ್ತಾನೆ. ಆಟಕ್ಕೂ ದುಡ್ಡು ಕೊಟ್ಟು ಮಕ್ಕಳನ್ನು ದುರಾಸೆಗೆ ತಳ್ಳುವುದು ಸರಿಯೇ? (ಒಬ್ಬ ತಾತ)

ಉತ್ತರ: ಕನ್ನಡಕದ ದರ ಗೊತ್ತುಮಾಡಿಕೊಂಡಿರೋ ಇಲ್ಲವೋ ತಿಳಿಯದು, ಆದರೆ ನಿಮ್ಮ ಅನುಮಾನಕ್ಕೆ ಆಧಾರವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳನ್ನು ಅವರು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಚಿತ್ರ ಬರೆದರೆ ಬಹುಮಾನ ಕೊಡುತ್ತೇವೆಂದು ಮೊದಲೇ ಹೇಳಿದರು, ಇನ್ನೊಂದಕ್ಕೆ ಹೇಳದೆ ಕೊನೆಯಲ್ಲಿ ಕೊಟ್ಟರು, ಮೂರನೆಯದಕ್ಕೆ ಏನೂ ಕೊಡಲಿಲ್ಲ. ಒಂದೆರಡು ವಾರಗಳ ನಂತರ ಅದೇ ಪೆನ್ನುಗಳನ್ನು ಸುಮ್ಮನೆ ಮುಂದಿಟ್ಟಾಗ, ಬಹುಮಾನದ ಆಸೆಯಿಂದ ಬರೆದಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಅನಿರೀಕ್ಷಿತವಾಗಿ ಬಹುಮಾನ ಪಡೆದವರ ಉತ್ಸಾಹ ಕುಂದಿರಲಿಲ್ಲ. ಖುಷಿಗಾಗಿ ಮಾಡುತ್ತಿದ್ದುದಕ್ಕೆ ಬೆಲೆ ಕಟ್ಟಿದರೆ ಖುಷಿ ತಗ್ಗುವ ಅಪಾಯ ಉಂಟು ಎಂಬುದು ಇದರಿಂದ ಹೊರಟ ತಿಳಿವಳಿಕೆ.

ಆದರೂ ಪಾರ್ಕಿನ ಸಂಬಳವನ್ನು ಈ ಬಹುಮಾನದ ಸಾಲಿಗೆ ಪೂರ್ತಿ ಸೇರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಅಲ್ಲಿ ಹಣವೂ ಆಟದ ಒಂದು ಪಾತ್ರವೇ. ಅದು ಬರುತ್ತದೆ, ಖರ್ಚಾಗುತ್ತದೆ, ಸಾಲದೆ ಹೋಗುತ್ತದೆ. ಅಂಗಡಿಯಲ್ಲಿ ಕಂಡ ಆಟಿಕೆಗೆ ತನ್ನ ಕಿಡ್‌ಜೋಗಳು ಸಾಲವೆಂದು ಗೊತ್ತಾದಾಗ ಇನ್ನೊಂದು ಕೆಲಸ ಮಾಡುವುದೋ ಆಸೆ ಬಿಡುವುದೋ ಎಂದು ಮಗು ಯೋಚಿಸಬೇಕಾಗುತ್ತದೆ. ಅಲ್ಲಿನ ಬ್ಯಾಂಕಿನಲ್ಲಿ ಖಾತೆ ತೆರೆದು ಉಳಿದ ಹಣವನ್ನು ಮುಂದಿನ ಭೇಟಿಗೆ ಇಟ್ಟು ಬರಲೂ ಅವಕಾಶವಿರುತ್ತದೆ. ತಂದೆತಾಯಿಯ ಕಾರ್ಡು ಯಂತ್ರದಲ್ಲಿ ತೂರಿದರೆ ಹಣ ಬರುತ್ತದೆ ಎಂದಷ್ಟೇ ತಿಳಿದಿರುವ ಮಗುವಿಗೆ, ಹಣದ ಹಿಂದೆ ಯಾರದೋ ಅರ್ಧ ಗಂಟೆಯ ದುಡಿಮೆ ಇರುತ್ತದೆ ಎಂಬುದು ಕೈಗೆ ಹತ್ತುವ ಸಂದರ್ಭ ಅದು.

ಮೊಮ್ಮಗನ ಬೇಡಿಕೆಯನ್ನು ದುರಾಸೆಯೆಂದು ಗದರಿಸಬೇಡಿ, ಹಾಗೆಂದು ಹಣವನ್ನೂ ಕೊಡಬೇಡಿ. ಅವನು ಕಂಡ ಊರಿನಲ್ಲಿ ಎಲ್ಲ ಕೆಲಸಕ್ಕೂ ಸಂಬಳವಿತ್ತು, ಮನೆಯಲ್ಲೂ ಹಾಗೇ ಇರಬಹುದೇ ಎಂದು ಪರೀಕ್ಷಿಸುತ್ತಿದ್ದಾನೆ. ಅಡುಗೆ ಮಾಡಿದವರಿಗೆ, ಅವನನ್ನು ಶಾಲೆಗೆ ಬಿಟ್ಟುಬಂದವರಿಗೆ, ರಾತ್ರಿ ಕತೆ ಹೇಳಿದ ತಾತನಿಗೆ ಈ ಮನೆಯಲ್ಲಿ ಯಾರು ಎಷ್ಟು ಕೊಡುತ್ತಾರೆಂದು ಅವನನ್ನೇ ಕೇಳಿ. ಲೆಕ್ಕ ಹಾಕಲು ಕಾಗದ ಪೆನ್ಸಿಲ್ ಕೊಟ್ಟರೂ ಆಗಬಹುದು. ಬಾಕಿ ಯಾರ ಕಡೆ ನಿಲ್ಲುತ್ತದೆಂದು ಅವನಿಗೆ ಬೇಗನೆ ತಿಳಿಯುತ್ತದೆ.

ಪ್ರಶ್ನೆ: ನಮ್ಮ ಶಾಲೆಯಿಂದ ಮಕ್ಕಳನ್ನು ಇಂಥ ಪಾರ್ಕಿಗೆ ಕರೆದೊಯ್ಯುವ ಪ್ರಸ್ತಾಪವಿದೆ. ಮೊದಲು ಒಬ್ಬಳೇ ಹೋಗಿ ನೋಡಿಬಂದೆ. ಬ್ಯಾಂಕಿನಿಂದ ಬಿಸ್ಕೆಟ್ ಕಾರ್ಖಾನೆಯವರೆಗೆ ಪ್ರತಿ ಕಟ್ಟಡದ ಮೇಲೂ ಯಾವುದಾದರೊಂದು ಕಂಪನಿಯ ಹೆಸರು. ಇದು ಶಿಕ್ಷಣವೋ ಜಾಹೀರಾತೋ ಎಂದು ಗೊಂದಲವಾಗಿದೆ. (ಪ್ರಾಥಮಿಕ ಶಾಲೆಯ ಶಿಕ್ಷಕಿ)

ಉತ್ತರ: ಎರಡೂ ಹೌದು, ಮತ್ತು ಅದನ್ನು ಅವರು ಮುಚ್ಚಿಡುವುದೂ ಇಲ್ಲ. ಇಂಥ ಪಾರ್ಕುಗಳ ಆದಾಯದ ಒಂದು ಪಾಲು ಟಿಕೆಟಿನಿಂದ ಬಂದರೆ ಇನ್ನೊಂದು ಪಾಲು ಪ್ರಾಯೋಜಕ ಕಂಪನಿಗಳಿಂದ ಬರುತ್ತದೆ. ಮಕ್ಕಳಿಗೆ ಅದು ನಿಜವಾದ ಊರೆನಿಸಲು ನಿಜವಾದ ಹೆಸರುಗಳು ಬೇಕೆಂಬುದು ಅವರ ಸಮರ್ಥನೆ. ಹೊರಗಿನ ಊರುಗಳು ಹೇಗೂ ಫಲಕಗಳಿಂದಲೇ ತುಂಬಿವೆ ಎಂಬ ಕಾರಣಕ್ಕೆ ಆ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಬೀದಿಯ ಫಲಕವನ್ನು ಮಗು ನೋಡಿ ಮುಂದೆ ಹೋಗುತ್ತದೆ, ಇಲ್ಲಿ ಆ ಕಂಪನಿಯ ಅಂಗಿಯನ್ನೇ ತೊಟ್ಟು ಅದರ ನೌಕರನಾಗಿ ಸಂತೋಷದ ಅರ್ಧ ಗಂಟೆ ಕಳೆಯುತ್ತದೆ. ಇದಕ್ಕಿಂತ ಆಳಕ್ಕಿಳಿಯುವ ಜಾಹೀರಾತು ನನಗಂತೂ ಗೊತ್ತಿಲ್ಲ. ಎಂಟು ವರ್ಷದೊಳಗಿನ ಮಕ್ಕಳಿಗೆ ಜಾಹೀರಾತಿನ ಹಿಂದಿನ ಉದ್ದೇಶವನ್ನು ಗುರುತಿಸುವ ಶಕ್ತಿ ಇನ್ನೂ ಬಲಿತಿರುವುದಿಲ್ಲವೆಂದು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಕಾರ್ಯಪಡೆಯೊಂದು 2004ರಲ್ಲಿ ವರದಿ ಕೊಟ್ಟಿತ್ತು. ಚಿಕ್ಕ ತರಗತಿಗಳ ಮಟ್ಟಿಗೆ ನಿಮ್ಮ ಗೊಂದಲ ನ್ಯಾಯವಾದದ್ದೇ.

ಕಂಪನಿಗಳಿಲ್ಲದೆ ಇಂಥ ಊರು ಸಾಧ್ಯವೇ ಇಲ್ಲವೇ? ಸಾಧ್ಯವಿದೆ. ಜರ್ಮನಿಯ ಮ್ಯೂನಿಕ್ ನಗರದಲ್ಲಿ 1979ರಲ್ಲಿ ಆರಂಭವಾದ ಮಿನಿ ಮ್ಯೂನಿಕ್ ಎಂಬ ಆಟದ ನಗರ ಎರಡು ವರ್ಷಕ್ಕೊಮ್ಮೆ ಬೇಸಿಗೆ ರಜೆಯ ಮೂರು ವಾರಗಳ ಕಾಲ ನಡೆಯುತ್ತದೆ. 7ರಿಂದ 15 ವರ್ಷದ ಮಕ್ಕಳಿಗೆ ಉಚಿತ ಪ್ರವೇಶ. ಅಲ್ಲಿಯೂ ಕೆಲಸ, ಸಂಬಳ, ಮಿಮ್ಯೂ ಎಂಬ ಸ್ವಂತ ಹಣ ಎಲ್ಲವೂ ಇವೆ. ಸಂಬಳದಲ್ಲಿ ತೆರಿಗೆ ಕಡಿತವಾಗುತ್ತದೆ, ಇಷ್ಟು ಗಂಟೆ ದುಡಿದು ಇಷ್ಟು ಗಂಟೆ ಕಲಿತ ಮಕ್ಕಳು ಪೂರ್ಣ ನಾಗರಿಕರಾಗುತ್ತಾರೆ, ತಮ್ಮ ಮೇಯರನ್ನು ತಾವೇ ಚುನಾಯಿಸುತ್ತಾರೆ, ನಿಯಮ ಸರಿಯಿಲ್ಲವೆನಿಸಿದರೆ ಸಭೆ ಸೇರಿ ಬದಲಿಸುತ್ತಾರೆ. ತಂದೆತಾಯಿ ಒಳಗೆ ಬರಬೇಕಾದರೆ ವೀಸಾ ತೆಗೆದುಕೊಳ್ಳಬೇಕು! ಮಾಲ್‌ನೊಳಗಿನ ಊರಿನಲ್ಲಿ ಮಗು ನೌಕರ ಮತ್ತು ಗ್ರಾಹಕ, ಮ್ಯೂನಿಕ್‌ನ ಊರಿನಲ್ಲಿ ಅದು ನಾಗರಿಕನೂ ಹೌದು. ಎರಡರಲ್ಲಿ ಒಂದನ್ನು ಆರಿಸೆಂದರೆ ನನ್ನ ಮತ ಯಾವುದಕ್ಕೆಂದು ಹೇಳಬೇಕಾಗಿಲ್ಲ.

ಹಾಗಿದ್ದರೂ ಪ್ರವಾಸ ರದ್ದುಮಾಡಿ ಎನ್ನುತ್ತಿಲ್ಲ. ಅಮೆರಿಕದಲ್ಲಿ ಜೂನಿಯರ್ ಅಚೀವ್‌ಮೆಂಟ್ ಸಂಸ್ಥೆ ನಡೆಸುವ ಬಿಜ್‌ಟೌನ್ ಎಂಬ ಇಂಥದೇ ಕಾರ್ಯಕ್ರಮಕ್ಕೆ ಮಕ್ಕಳು ಬರುವ ಮೊದಲು ಬ್ಯಾಂಕು, ತೆರಿಗೆ, ಉದ್ಯೋಗದ ಅರ್ಜಿಗಳ ಬಗ್ಗೆ ತರಗತಿಯಲ್ಲಿ ಪಾಠಗಳಾಗಿರಬೇಕು, ಭೇಟಿಯ ದಿನ ಅವೆಲ್ಲದರ ಪ್ರಯೋಗ ಮಾತ್ರ. ನೀವೂ ಹಾಗೆ ಮಾಡಬಹುದು. ಹೋಗುವ ಮೊದಲು ಈ ಊರನ್ನು ಕಟ್ಟಿದವರು ಯಾರು, ಅವರಿಗೆ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ನಾಲ್ಕು, ಐದನೆಯ ತರಗತಿಯವರ ಮುಂದಿಡಿ. ಬಂದ ಮೇಲೆ, ಆ ಊರಿನಲ್ಲಿ ಇಲ್ಲದ ಕೆಲಸಗಳು ಯಾವುವೆಂದು ಕೇಳಿ. ಪ್ರಾಯೋಜಕರು ಸಿಗದ ಕೆಲಸಗಳು ಬಹಳಷ್ಟಿವೆ. ಮಕ್ಕಳು ಅವನ್ನು ಪಟ್ಟಿ ಮಾಡತೊಡಗಿದರೆ ನಿಮ್ಮ ಒಂದು ಅವಧಿಯ ಪಾಠ ಸಾಲದು.

ಪ್ರಶ್ನೆ: ಮಗ ಮೂರು ಸಲವೂ ಶಿಶುಗಳ ವಾರ್ಡಿಗೇ ಹೋಗಿ ಗೊಂಬೆಗೆ ಸ್ನಾನ ಮಾಡಿಸಿದ. ಪೈಲಟ್ ಆಗು ಎಂದರೆ ಕೇಳಲಿಲ್ಲ. ಮನೆಯಲ್ಲಿ ಎಲ್ಲರೂ ನಗುತ್ತಿದ್ದಾರೆ. ಅವನ ಒಲವು ಇದೇ ಎಂದು ತಿಳಿಯಬೇಕೇ? (ಎಂಟು ವರ್ಷದ ಹುಡುಗನ ತಂದೆ)

ಉತ್ತರ: ಮುಂದೆ ಅವನು ಏನಾಗುತ್ತಾನೆಂಬುದಕ್ಕೆ ಇದರಲ್ಲಿ ಯಾವ ಸೂಚನೆಯೂ ಇಲ್ಲ. ನೀರಿನಲ್ಲಿ ಕೈಯಾಡಿಸುವುದು ಹಿಡಿಸಿರಬಹುದು, ಅಲ್ಲಿನ ಮೇಲ್ವಿಚಾರಕಿ ಚೆನ್ನಾಗಿ ಮಾತನಾಡಿಸಿರಬಹುದು, ಸಾಲು ಚಿಕ್ಕದಾಗಿತ್ತೆಂಬುದೇ ಕಾರಣವಾಗಿರಬಹುದು. ಇಂಥ ಭೇಟಿಯಿಂದ ಮಗುವಿನ ವೃತ್ತಿಯನ್ನು ಕಂಡುಹಿಡಿಯಬಹುದೆಂಬ ನಂಬಿಕೆ ತಂದೆತಾಯಿಯಲ್ಲಿ ಬಲವಾಗಿದೆ, ನಾನದನ್ನು ಒಪ್ಪುವುದಿಲ್ಲ.

ನನ್ನ ಗಮನ ಇರುವುದು ನಕ್ಕವರ ಮೇಲೆ. ಮಕ್ಕಳು ವೃತ್ತಿಗಳನ್ನು ಆರಿಸಿಕೊಳ್ಳುವುದಕ್ಕಿಂತ ಬಹಳ ಮೊದಲೇ ಕೈಬಿಡಲು ಆರಂಭಿಸುತ್ತಾರೆಂದು ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಗಾಟ್‌ಫ್ರೆಡ್ಸನ್ 1981ರಲ್ಲಿ ಮಂಡಿಸಿದ ಸಿದ್ಧಾಂತ ಹೇಳುತ್ತದೆ. ಅದರ ಪ್ರಕಾರ ಆರರಿಂದ ಎಂಟರ ವಯಸ್ಸಿನಲ್ಲಿ ಇದು ಹುಡುಗರ ಕೆಲಸ, ಇದು ಹುಡುಗಿಯರ ಕೆಲಸ ಎಂಬ ಜರಡಿ ಹಿಡಿಯುತ್ತಾರೆ, ಒಂಬತ್ತರ ನಂತರ ಸಮಾಜದಲ್ಲಿ ಯಾವುದಕ್ಕೆ ಮಾನ ಹೆಚ್ಚು ಎಂಬ ಜರಡಿ ಸೇರಿಕೊಳ್ಳುತ್ತದೆ. ದೊಡ್ಡಾದ ಮೇಲೆ ಏನಾಗುತ್ತೀರೆಂದು 20 ದೇಶಗಳ, 7ರಿಂದ 11 ವರ್ಷದ ಸುಮಾರು 20,000 ಮಕ್ಕಳಿಂದ ಚಿತ್ರ ಬರೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಈ ಗಂಡು ಹೆಣ್ಣೆಂಬ ಗೆರೆ ಸ್ಪಷ್ಟವಾಗಿ ಕಂಡಿತ್ತು. ಶಾಲೆಗೆ ಬಂದ ವೃತ್ತಿಪರರ ಮೂಲಕ ತಾನು ಬರೆದ ಕೆಲಸದ ಬಗ್ಗೆ ತಿಳಿದ ಮಕ್ಕಳು ಅದರಲ್ಲಿ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಉಳಿದವರಿಗೆ ಗೊತ್ತಿದ್ದುದು ಹೆಚ್ಚಾಗಿ ಮನೆಯವರಿಂದ, ಟಿವಿ ಸಿನಿಮಾಗಳಿಂದ.

ನಿಮ್ಮ ಮಗ ಎಂಟರ ಹುಡುಗ. ಶಿಶುವಿಗೆ ಸ್ನಾನ ಮಾಡಿಸುವ ಕೆಲಸ ಅವನ ಜರಡಿಯಲ್ಲಿ ಇನ್ನೂ ಕೆಳಗೆ ಬಿದ್ದಿಲ್ಲ, ಮನೆಯವರ ನಗು ಇನ್ನು ಸ್ವಲ್ಪ ದಿನ ಮುಂದುವರಿದರೆ ಬೀಳುತ್ತದೆ. ಶಿಶುವನ್ನು ಎತ್ತುವಾಗ ಕತ್ತಿಗೆ ಹೇಗೆ ಕೈ ಕೊಡಬೇಕೆಂದು ಅವನಿಂದ ಕೇಳಿ ತಿಳಿದುಕೊಳ್ಳಿ, ನಕ್ಕವರೆಲ್ಲರಿಗೂ ಅದು ಗೊತ್ತಿದೆಯೋ ಇಲ್ಲವೋ.

ಪ್ರಶ್ನೆ: ಎರಡು ವರ್ಷದ ಪಾಪು ಮತ್ತು ಹದಿಮೂರರ ಅಕ್ಕ ಇಬ್ಬರನ್ನೂ ಒಟ್ಟಿಗೆ ಕರೆದೊಯ್ಯಬಹುದೇ? (ಒಬ್ಬ ತಾಯಿ)

ಉತ್ತರ: ಕರೆದೊಯ್ಯಬಹುದು, ಆದರೆ ಇಬ್ಬರಿಗೂ ಪೂರ್ತಿ ಹಿಡಿಸುವುದು ಕಷ್ಟ. ಹೆಚ್ಚಿನ ಚಟುವಟಿಕೆಗಳು ನಾಲ್ಕರಿಂದ ಹದಿನಾಲ್ಕರ ವಯಸ್ಸನ್ನು ಮನಸ್ಸಿನಲ್ಲಿಟ್ಟು ರೂಪಿಸಿದವು, ಪುಟ್ಟವರಿಗೆ ಪ್ರತ್ಯೇಕ ಆಟದ ಮೂಲೆಯಷ್ಟೇ ಇರುತ್ತದೆ. ಹದಿಮೂರರ ಹುಡುಗಿಗೆ ರೇಡಿಯೊ, ಪತ್ರಿಕೆ, ರಂಗಭೂಮಿಯಂಥವು ರುಚಿಸಬಹುದು, ಗೆಳತಿಯೊಬ್ಬಳು ಜೊತೆಗಿದ್ದರೆ. ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳುವ ಕೆಲಸವನ್ನು ಅಲ್ಲಿಯೂ ಅವಳಿಗೆ ಹಚ್ಚಬೇಡಿ.

ಪ್ರಶ್ನೆ: ನಾವಿರುವ ಕಡೆ ಇಂಥ ಪಾರ್ಕು ಇಲ್ಲ, ದೂರದ ನಗರಕ್ಕೆ ಹೋಗುವ ಶಕ್ತಿಯೂ ಇಲ್ಲ. ನಮ್ಮ ಮಕ್ಕಳು ಏನನ್ನಾದರೂ ಕಳೆದುಕೊಳ್ಳುತ್ತಿದ್ದಾರೆಯೇ? (ಇಬ್ಬರು ಮಕ್ಕಳ ತಂದೆ)

ಉತ್ತರ: ಒಂದು ಸೊಗಸಾದ ದಿನವನ್ನು ಕಳೆದುಕೊಳ್ಳುತ್ತಿರಬಹುದು, ಅದಕ್ಕಿಂತ ಹೆಚ್ಚಿನದನ್ನಲ್ಲ. ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್‌ನಲ್ಲಿ ತಮ್ಮ ಮೊದಲ ಶಿಶುಗೃಹ ತೆರೆದಾಗ, ಅಲ್ಲಿದ್ದ ಆಟಿಕೆಗಳನ್ನು ಬಿಟ್ಟು ಮಕ್ಕಳು ನಿಜವಾದ ಕೆಲಸಗಳಿಗೇ ಕೈಹಾಕುತ್ತಿದ್ದುದನ್ನು ಗಮನಿಸಿದ್ದರು. ನೂರಕ್ಕೂ ಹೆಚ್ಚು ವರ್ಷಗಳ ನಂತರ, 2018ರಲ್ಲಿ, ಮನಶ್ಶಾಸ್ತ್ರಜ್ಞೆ ಆಂಜೆಲಿನ್ ಲಿಲಾರ್ಡ್ ಮತ್ತವರ ಸಂಗಡಿಗರು ಮೂರರಿಂದ ಆರು ವರ್ಷದ ಮಕ್ಕಳ ಮುಂದೆ ಒಂದೊಂದು ಕೆಲಸದ ಎರಡು ರೂಪಗಳನ್ನು ಇಟ್ಟು ಕೇಳಿದರು: ನಿಜವಾಗಿ ಮಾಡುತ್ತೀಯೋ, ಮಾಡಿದಂತೆ ಆಡುತ್ತೀಯೋ? ಹೆಚ್ಚಿನ ಮಕ್ಕಳು ನಿಜವಾದದ್ದನ್ನೇ ಬಯಸಿದರು. ಆಟವನ್ನು ಆರಿಸಿಕೊಂಡವರು ಕೊಟ್ಟ ಕಾರಣಗಳಲ್ಲಿ ಭಯವಾಗುತ್ತದೆ, ನನಗೆ ಬರುವುದಿಲ್ಲ, ಮನೆಯಲ್ಲಿ ಬಿಡುವುದಿಲ್ಲ ಎಂಬಂಥವು ಇದ್ದವು.

ಆ ಕೊನೆಯ ಕಾರಣ ನಿಮ್ಮ ಕೈಯಲ್ಲಿದೆ. ಗೊಂಬೆ ತರಕಾರಿಯನ್ನು ಕತ್ತರಿಸಿದಂತೆ ಆಡುವ ಮಗುವಿಗೆ ಮೊಂಡಾದ ಚಾಕುವನ್ನೂ ನಿಜವಾದ ಸೌತೆಕಾಯಿಯನ್ನೂ ಕೊಡಬಹುದು. ಅಂಗಡಿಯಲ್ಲಿ ಹಣ ಎಣಿಸಿ ಕೊಟ್ಟು ಚಿಲ್ಲರೆ ಪಡೆಯುವುದು, ಅಂಚೆ ಕಚೇರಿಯಲ್ಲಿ ಫಾರಂ ತುಂಬುವುದು, ಸೈಕಲ್ಲಿನ ಚೈನು ಹಾಕುವುದು ಇವುಗಳಿಗೆ ಸಮವಸ್ತ್ರ ಇಲ್ಲದಿದ್ದರೂ ಮಕ್ಕಳು ತೀರಾ ಗಂಭೀರವಾಗಿ ಮಾಡುತ್ತಾರೆ. ನೀವು ಏನು ಕೆಲಸ ಮಾಡುತ್ತೀರೆಂದು ಪತ್ರದಲ್ಲಿ ತಿಳಿಸಿಲ್ಲ. ಅದು ಏನೇ ಆಗಿರಲಿ, ಅಲ್ಲಿ ಅಪಾಯವಿಲ್ಲದಿದ್ದರೆ ಮತ್ತು ಜೊತೆಯವರ ಒಪ್ಪಿಗೆ ಇದ್ದರೆ, ಒಂದು ಅರ್ಧ ದಿನ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಅವರಿಗೂ ಒಂದು ಸಣ್ಣ ಕೆಲಸ ಒಪ್ಪಿಸಿ. ಅವರು ತಪ್ಪಾಗಿ ಮಾಡತೊಡಗಿದಾಗ ಕೈಯಿಂದ ಕಿತ್ತುಕೊಳ್ಳದೆ ಸುಮ್ಮನೆ ನಿಲ್ಲಬೇಕಾದೀತು, ನಿಮ್ಮನ್ನು ಹೊರಗೆ ನಿಲ್ಲಿಸಲು ಅಲ್ಲಿ ಗಾಜಿನ ಗೋಡೆ ಇರುವುದಿಲ್ಲವಲ್ಲ.